ಒಂದೇ ಬಕೆಟ್ ನೀರು, ಒಂದು ಹಳೆಯ ಕಾರು

ಪೈಪ್ ಹಿಡಿದು ಕಾರಿಗೆ ನೀರು ಬಿಡುವಾಗ ಆ ನೀರು ಎಲ್ಲೆಲ್ಲಿ ಹೋಗುತ್ತದೆ ಅಂತ ಯಾವಾಗಲಾದರೂ ಯೋಚಿಸಿದ್ದೀರಾ? ನೆಲಕ್ಕೆ ಹರಿದದ್ದು ಕಣ್ಣಿಗೆ ಕಾಣುತ್ತದೆ. ಒಳಗೆ ಇಳಿದದ್ದು ಕಾಣುವುದಿಲ್ಲ. ಹಳೆಯ ಕಾರಿನ ವಿಷಯದಲ್ಲಿ ನನ್ನ ಚಿಂತೆಯೆಲ್ಲ ಆ ಕಾಣದ ನೀರಿನದೇ.

ಇಲ್ಲಿ ಮೇಜಿನ ಮೇಲೆ ಒಂದು ಹಳೆಯ ಬಾಗಿಲು ಇಟ್ಟಿದ್ದೇನೆ. ಗಾಜು ಇಳಿಯುವ ಈ ಸೀಳು ನೋಡಿ. ಎರಡೂ ಕಡೆ ಗಾಜಿಗೆ ಒತ್ತಿಕೊಂಡಿರಬೇಕಾದ ಪಟ್ಟಿ ಒಣಗಿ, ಸುರುಟಿಕೊಂಡು ನಿಂತಿದೆ. ಕಿರುಬೆರಳು ತೂರುವಷ್ಟು ಜಾಗ ಇದೆ. ಇಲ್ಲಿಗೆ ನೀರು ಬಿಟ್ಟರೆ ನೇರ ಬಾಗಿಲ ಹೊಟ್ಟೆಗೆ ಹೋಗುತ್ತದೆ. ಹಾಗೆ ಹೋದ ನೀರು ಹೊರಗೆ ಬರಲಿ ಅಂತಲೇ ಕೆಳಗಿನ ಅಂಚಿನಲ್ಲಿ ಸಣ್ಣ ತೂತುಗಳನ್ನು ಇಟ್ಟಿರುತ್ತಾರೆ. ಈಗ ಬಾಗಿಲನ್ನು ತಿರುಗಿಸುತ್ತೇನೆ. ತೂತು ಎಲ್ಲಿದೆ ಹೇಳಿ? ಮಣ್ಣು, ಒಣಗಿದ ಗ್ರೀಸು, ಎಲೆಚೂರು ಎಲ್ಲಾ ಸೇರಿ ಗಟ್ಟಿಯಾಗಿ ಮುಚ್ಚಿಕೊಂಡಿದೆ. ಇಳಿದ ನೀರು ಅಲ್ಲೇ ನಿಂತಿತ್ತು. ಅದಕ್ಕೇ ಈ ಅಂಚಿನ ಉದ್ದಕ್ಕೂ ಪೇಂಟ್ ಗುಳ್ಳೆ ಎದ್ದಿದೆ. ಈ ಗುಳ್ಳೆ ಹೊರಗಿನಿಂದ ಶುರುವಾದದ್ದಲ್ಲ. ತಗಡು ಒಳಗಿನಿಂದ ತುಕ್ಕು ಹಿಡಿದು, ಅದು ಹೊರಗೆ ಬಂದು ನಮಗೆ ಕಾಣುವ ಹೊತ್ತಿಗೆ ತಗಡು ಮುಗಿದೇ ಹೋಗಿರುತ್ತದೆ.

ಇಂಥ ಜಾಗಗಳು ಒಂದಲ್ಲ ಎರಡಲ್ಲ. ಬಾಗಿಲ ಕೆಳಗಿನ ಟೊಳ್ಳು ಸಿಲ್, ಹೆಡ್‌ಲೈಟಿನ ಹಿಂದಿನ ಬಟ್ಟಲು, ಮುಂದಿನ ಗಾಜಿನ ಸುತ್ತ ಇರುವ ರಬ್ಬರಿನ ಅಡಿ, ಕ್ರೋಮ್ ಪಟ್ಟಿ ಸಿಕ್ಕಿಸಲು ತಗಡಿಗೆ ಕೊರೆದ ತೂತುಗಳು. ಈಗಿನ ಕಾರುಗಳ ತಗಡಿಗೆ ಸಾಮಾನ್ಯವಾಗಿ ತುಕ್ಕು ತಡೆಯುವ ಸತುವಿನ ಲೇಪ ಇರುತ್ತದೆ. ಪೋರ್ಷೆ 911ರಂಥ ದುಬಾರಿ ಕಾರಿಗೇ ಪೂರ್ತಿ ಬಾಡಿಗೆ ಸತು ಬಂದದ್ದು 1970ರ ದಶಕದ ಮಧ್ಯದಲ್ಲಿ. ಅದಕ್ಕಿಂತ ಹಿಂದಿನ ಕಾರು ಅಂದರೆ ಬರಿ ಉಕ್ಕು, ಮೇಲೊಂದು ಪ್ರೈಮರ್, ಅದರ ಮೇಲೆ ಬಣ್ಣ. ಇನ್ನೂ ಹಿಂದಕ್ಕೆ ಹೋದರೆ ತಗಡಿನ ಒಳಗೆ ಮರದ ಚೌಕಟ್ಟೇ ಇರುತ್ತದೆ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಎಷ್ಟೋ ಕಾರುಗಳು ಹಾಗೇ ಇದ್ದವು. ಇಂಗ್ಲೆಂಡಿನ ಮೋರ್ಗನ್ ಕಂಪನಿ ಈಗಲೂ ಆಶ್ ಮರದ ಚೌಕಟ್ಟು ಬಳಸುತ್ತದೆ. ಮರಕ್ಕೆ ನೀರು ಕುಡಿದು ಕುಡಿದು ಸ್ಕ್ರೂ ಹಿಡಿಯುವ ಶಕ್ತಿ ಹೋಗುತ್ತದೆ. ಆಮೇಲೆ ಬಾಗಿಲು ಜೋತು ಬೀಳುತ್ತದೆ. ಬಾಗಿಲು ಜೋತು ಬಿತ್ತು ಅಂತ ಕೀಲನ್ನು ಬಿಗಿ ಮಾಡುತ್ತಾ ಕೂರುವವರಿದ್ದಾರೆ. ತೊಂದರೆ ಕೀಲಿನದಲ್ಲ, ಒಳಗಿನ ಮರದ್ದು.

ಹಾಗಾಗಿ ಕಡಿಮೆ ನೀರಿನಲ್ಲಿ ಕಾರು ಸ್ವಚ್ಛ ಮಾಡುವುದು ನೀರು ಸಿಗದವರ ಅನಿವಾರ್ಯ ಅಂತ ನಾನು ಒಪ್ಪುವುದಿಲ್ಲ. ನೀರು ಧಾರಾಳವಾಗಿ ಇದ್ದರೂ ಹಳೆಯ ಕಾರಿಗೆ ಇದೇ ಸರಿಯಾದ ದಾರಿ. ನೀರು ಉಳಿಯುವುದು ಅದರ ಜೊತೆಗೆ ಬರುವ ಲಾಭ, ಅದೂ ಸಣ್ಣದೇನಲ್ಲ. ಮನೆಯ ಪೈಪಿನಿಂದ ನಿಮಿಷಕ್ಕೆ 10ರಿಂದ 20 ಲೀಟರ್ ಬರುತ್ತದೆ. ಹತ್ತು ನಿಮಿಷ ಬಿಟ್ಟರೆ 100ರಿಂದ 200 ಲೀಟರ್ ಹೋಯಿತು. ನಾನು ಇವತ್ತು ಹೇಳುವ ವಿಧಾನಕ್ಕೆ ಒಂದು ಬಕೆಟ್ ಸಾಕು, 8 ಲೀಟರ್ ಅಂತ ಇಟ್ಟುಕೊಳ್ಳಿ. ಅದರಲ್ಲೂ ಕೊನೆಗೆ ಸ್ವಲ್ಪ ಉಳಿಯುತ್ತದೆ.

ನೀರು ಕಡಿಮೆ ಆದರೆ ಗೀರು ಬೀಳುವುದಿಲ್ವಾ? ಎಲ್ಲರೂ ಮೊದಲು ಕೇಳುವುದೇ ಇದು. ಕೇಳಬೇಕಾದ ಪ್ರಶ್ನೆಯೇ. ಧೂಳು ಅಂದರೆ ಮೆತ್ತನೆಯ ಪುಡಿ ಅಂತ ನಮಗೆ ಅನ್ನಿಸುತ್ತದೆ. ಆದರೆ ರಸ್ತೆಯ ಧೂಳಿನಲ್ಲಿ ಮರಳಿನ ಚೂರು ಇರುತ್ತದೆ. ಮರಳು ಅಂದರೆ ಹೆಚ್ಚಿನ ಪಾಲು ಕ್ವಾರ್ಟ್ಜ್. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ವಜ್ರ 10, ಕ್ವಾರ್ಟ್ಜ್ 7. ಕಿಟಕಿಯ ಗಾಜೂ ಅದಕ್ಕಿಂತ ಮೆದು. ಪೇಂಟ್ ಅಂತೂ ಅದರ ಮುಂದೆ ಏನೂ ಅಲ್ಲ. ಒಣ ಬಟ್ಟೆ ಹಿಡಿದು ಧೂಳು ಕೂತ ಬಾನೆಟ್ಟನ್ನು ಒರೆಸಿದರೆ ಮರಕ್ಕೆ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆಯೇ.

ಬಿಸಿಲಿನಲ್ಲಿ ನಿಂತ ಕಾರಿನ ಮೇಲೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಗೀರುಗಳು ಹೊಳೆಯುವುದನ್ನು ನೋಡಿರುತ್ತೀರಿ. ಎಲ್ಲಾ ಸುತ್ತು ಸುತ್ತಾಗಿ ಕಾಣುತ್ತವೆ. ಯಾರೋ ಬಟ್ಟೆಯನ್ನು ಸುತ್ತಿಸಿ ಸುತ್ತಿಸಿ ಒರೆಸಿದ್ದಾರೆ ಅಂದುಕೊಳ್ಳುತ್ತೇವೆ. ನಿಜವಾಗಿ ಗೀರುಗಳು ಎಲ್ಲಾ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಸರಿಯಾಗಿ ಅಡ್ಡ ಬಂದವು ಮಾತ್ರ ನಮ್ಮ ಕಣ್ಣಿಗೆ ಹೊಳೆಯುತ್ತವೆ, ಅದಕ್ಕೇ ಸುತ್ತಿನ ಹಾಗೆ ಕಾಣುತ್ತವೆ. ನೀವು ಪಕ್ಕಕ್ಕೆ ಸರಿದರೆ ಆ ಬಲೆಯೂ ನಿಮ್ಮ ಜೊತೆ ಸರಿಯುತ್ತದೆ. ಮನೆಗೆ ಹೋಗಿ ಮಾಡಿ ನೋಡಿ.

ಅಂದರೆ ತೊಳೆಯುವಾಗ ನೀರಿನ ಕೆಲಸ ಏನು? ಚೂರುಗಳನ್ನು ಮೇಲಕ್ಕೆ ಎತ್ತಬೇಕು, ಬಟ್ಟೆಗೂ ಪೇಂಟಿಗೂ ಮಧ್ಯೆ ಜಾರುವ ಪದರ ಕೊಡಬೇಕು. ಈ ಎರಡನ್ನೂ ಸಾದಾ ನೀರು ಅಷ್ಟೇನೂ ಚೆನ್ನಾಗಿ ಮಾಡುವುದಿಲ್ಲ. ಅದಕ್ಕೇ ಲೀಟರುಗಟ್ಟಲೆ ಸುರಿಯಬೇಕಾಗುತ್ತದೆ. ರಿನ್ಸ್‌ಲೆಸ್ ವಾಶ್ ಅಂತ ಬರುವ ದ್ರವಗಳು ಮಾಡುವುದು ಈ ಎರಡು ಕೆಲಸವನ್ನೇ. ಅದರಲ್ಲಿರುವ ಪಾಲಿಮರ್‌ಗಳು ಚೂರಿನ ಸುತ್ತ ಕೂತು ಅದನ್ನು ಜಾರುವಂತೆ ಮಾಡುತ್ತವೆ. ಒರೆಸಿದ ಮೇಲೆ ಮತ್ತೆ ನೀರು ಹಾಕಿ ತೊಳೆಯುವ ಅಗತ್ಯ ಇಲ್ಲ. ಈ ಬಗೆಯಲ್ಲಿ ಹೆಸರಾದ ಆಪ್ಟಿಮಮ್ ನೋ ರಿನ್ಸ್‌ನ ಪ್ರಮಾಣ 1ಕ್ಕೆ 256. ಅಂದರೆ 4 ಲೀಟರ್ ನೀರಿಗೆ ಹತ್ತಿರ ಹತ್ತಿರ 15 ಮಿಲಿಲೀಟರ್. ಬೇರೆಯದಾದರೆ ಬಾಟಲಿಯ ಮೇಲೆ ಬರೆದ ಪ್ರಮಾಣ ನೋಡಿ. ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛ ಆಗುವುದಿಲ್ಲ, ಪೇಂಟಿನ ಮೇಲೆ ಅಂಟು ಅಂಟಾಗಿ ಪಟ್ಟೆ ಉಳಿಯುತ್ತದೆ. ಪಾತ್ರೆ ತೊಳೆಯುವ ಸೋಪು ಮಾತ್ರ ಬೇಡ. ಅದು ಜಿಡ್ಡು ತೆಗೆಯಲೆಂದೇ ಮಾಡಿದ್ದು. ವ್ಯಾಕ್ಸನ್ನೂ ತೆಗೆದುಬಿಡುತ್ತದೆ, ಧಾರಾಳ ನೀರು ಹಾಕದಿದ್ದರೆ ಸೋಪು ಸಂದಿಗಳಲ್ಲಿ ಉಳಿಯುತ್ತದೆ.

ಬಕೆಟ್ ಮುಟ್ಟುವ ಮೊದಲು ನಿಮ್ಮ ಕಾರಿನ ಪೇಂಟ್ ಯಾವುದು ಅಂತ ತಿಳಿದುಕೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಸ್ವಲ್ಪ ಒತ್ತಿ ಹೇಳುತ್ತೇನೆ. ಫೋರ್ಡ್ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಬರುತ್ತಿತ್ತು. ಆ ಕಾಲದಲ್ಲಿ ಬಣ್ಣದ ಕಾರು ಬೇಕು ಅಂದರೆ ಪದರದ ಮೇಲೆ ಪದರ ಬಳಿದು, ಒಣಗಲು ಬಿಟ್ಟು, ವಾರಗಟ್ಟಲೆ ಕಾಯಬೇಕಿತ್ತು. ಆಮೇಲೆ ಡ್ಯೂಪಾಂಟ್ ಕಂಪನಿಯ ಡ್ಯೂಕೋ ಬಂತು, ನೈಟ್ರೋಸೆಲ್ಯುಲೋಸ್ ಲ್ಯಾಕರ್. ಜನರಲ್ ಮೋಟರ್ಸ್ ಅದನ್ನು ಮೊದಲು ಬಳಸಿದ್ದು 1924ರ ಓಕ್‌ಲೆಂಡ್ ಕಾರಿಗೆ, ನೀಲಿ ಬಣ್ಣದಲ್ಲಿ. ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಕಾರುಗಳ ಲೋಕಕ್ಕೆ ಬಣ್ಣ ಬಂದದ್ದು ಹೀಗೆ. 1930ರ ದಶಕದಲ್ಲಿ ಎನಾಮೆಲ್ ಬಂತು, 50ರ ದಶಕದ ಕೊನೆಯಲ್ಲಿ ಅಕ್ರಿಲಿಕ್ ಲ್ಯಾಕರ್. ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಹಾಕುವುದು ಎಲ್ಲಾ ಕಡೆ ರೂಢಿಗೆ ಬಂದದ್ದು 1980ರ ದಶಕದಲ್ಲಿ.

ಇದರಿಂದ ನಮಗೇನು ಅಂತೀರಾ? ಲ್ಯಾಕರ್ ಒಣಗಿ ಗಟ್ಟಿಯಾದರೂ ಒಳಗೆ ಬದಲಾಗುವುದಿಲ್ಲ. ಎಷ್ಟು ವರ್ಷ ಕಳೆದರೂ ಥಿನ್ನರ್ ತಗುಲಿದರೆ ಮತ್ತೆ ಕರಗುತ್ತದೆ. ಮರದ ಅಂಟು ಬಿತ್ತು, ಟಾರ್ ಬಿತ್ತು ಅಂತ ಥಿನ್ನರೋ ಅಸಿಟೋನೋ ಹಚ್ಚಿದರೆ ಕಲೆಯ ಜೊತೆ ಬಣ್ಣವೂ ಬಟ್ಟೆಗೆ ಬರುತ್ತದೆ. ಸ್ಪಿರಿಟ್ ಕೂಡ ನಂಬಬೇಡಿ. ಪರೀಕ್ಷೆ ಸುಲಭ. ಡಿಕ್ಕಿಯ ಒಳ ಅಂಚಿನಂಥ ಕಾಣದ ಜಾಗ ಹುಡುಕಿ. ಬಿಳಿ ಬಟ್ಟೆಗೆ ಒಂದು ಚುಕ್ಕೆ ಪಾಲಿಶ್ ಹಾಕಿ ಮೆಲ್ಲಗೆ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಬಂದರೆ ಮೇಲೆ ಕ್ಲಿಯರ್ ಕೋಟ್ ಇಲ್ಲ, ನೀವು ಮುಟ್ಟುತ್ತಿರುವುದು ಬಣ್ಣವನ್ನೇ. ಪ್ರತಿ ಸಲ ಉಜ್ಜಿದಾಗಲೂ ಅದು ಒಂದಿಷ್ಟು ಸವೆಯುತ್ತದೆ. ಈಗಿನ ಕಾರಿನ ಎಲ್ಲಾ ಪದರ ಸೇರಿದರೂ 100ರಿಂದ 150 ಮೈಕ್ರಾನ್ ದಪ್ಪ, ಒಂದೆರಡು ತಲೆಕೂದಲಿನಷ್ಟು. ಹಲವು ಕೈ ದಾಟಿ, ಹಲವು ಸಲ ಪಾಲಿಶ್ ಕಂಡ ಹಳೆಯ ಕಾರಿನ ಮಡ್‌ಗಾರ್ಡ್ ಅಂಚಿನಲ್ಲಿ ಎಷ್ಟು ಉಳಿದಿರಬಹುದು, ಯೋಚಿಸಿ. ಇನ್ನೊಂದು ಮಾತು. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಪಾಲಿಶ್ ಮಾಡುವಾಗ ಕೈಗವಸು ಹಾಕಿಕೊಳ್ಳಿ, ಒಣಗಿದ್ದಾಗ ಉಜ್ಜಿ ಪುಡಿ ಏಳಿಸಬೇಡಿ.

ಈಗ ಕೆಲಸಕ್ಕೆ ಬರೋಣ. ಕಾರು ನೆರಳಿನಲ್ಲಿರಬೇಕು, ತಗಡು ತಣ್ಣಗಿರಬೇಕು. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬಿಸಿ ಇದ್ದರೆ ಕಾಯಿರಿ. ಬಿಸಿ ತಗಡಿನ ಮೇಲೆ ನೀರು ಆರಿಹೋಗಿ ಅದರಲ್ಲಿದ್ದ ಸುಣ್ಣದಂಶ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ನಿಮ್ಮ ನೀರು ಗಡಸಾಗಿದ್ದರೆ ಬಕೆಟ್ಟಿಗೆ ಡಿಸ್ಟಿಲ್ಡ್ ವಾಟರ್ ಹಾಕಿಕೊಳ್ಳಿ. ಬೇಕಾಗುವುದೇ ಇಷ್ಟು ಕಡಿಮೆ ಆದಾಗ ಅದು ಭಾರ ಅನ್ನಿಸುವುದಿಲ್ಲ. 200 ಲೀಟರ್ ಸುರಿಯುವವರಿಗೆ ಈ ಅನುಕೂಲ ಇಲ್ಲ.

ಬಟ್ಟೆ ಮೈಕ್ರೋಫೈಬರಿನದೇ ಇರಲಿ. 1970ರಲ್ಲಿ ಜಪಾನಿನ ಟೋರೆ ಕಂಪನಿಯ ಮಿಯೋಶಿ ಒಕಾಮೊಟೊ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣದಾದ ಎಳೆಗಳನ್ನು ಮಾಡಿದರು. ಅದು ಮೊದಲು ಬಂದದ್ದು ಬಟ್ಟೆಬರೆಗೆ, ಸ್ವೇಡ್ ಚರ್ಮದಂತೆ ಕಾಣುವ ಬಟ್ಟೆಯಾಗಿ. ಒರೆಸುವ ಬಟ್ಟೆಯಲ್ಲಿ ಈ ಎಳೆಗಳನ್ನು ಸೀಳಿರುತ್ತಾರೆ. ಧೂಳಿನ ಚೂರು ಆ ಸೀಳುಗಳ ನಡುವೆ ಒಳಗೆ ಹೋಗಿ ಕೂರುತ್ತದೆ, ಪೇಂಟಿನ ಮೇಲೆ ಉರುಳುವುದಿಲ್ಲ. ಹತ್ತಿ ಬಟ್ಟೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಹೊಸ ಬಟ್ಟೆ ತಂದರೆ ಮೂಲೆಯಲ್ಲಿ ಹೊಲಿದ ಲೇಬಲ್ ಕತ್ತರಿಸಿ ಹಾಕಿ. ಅದೊಂದೇ ಸಾಕು ಗೀರು ಹಾಕಲು. ಎಂಟು ಹತ್ತು ಬಟ್ಟೆ ಬೇಕು. ಅಷ್ಟಾ ಅಂತ ಆಶ್ಚರ್ಯ ಪಡಬೇಡಿ. ನೀರು ಕಡಿಮೆ ಮಾಡಿದಾಗ ಆ ಕೆಲಸವನ್ನು ಬಟ್ಟೆ ಮಾಡಬೇಕು, ಅಲ್ವಾ?

ನೋಡಿ, ಬಕೆಟ್ಟಿನ ನೀರಿಗೆ ಆ ದ್ರವ ಬೆರೆಸಿ ಬಟ್ಟೆಗಳನ್ನೆಲ್ಲ ಅದರಲ್ಲಿ ಮುಳುಗಿಸಿದ್ದೇನೆ. ಈ ಬಾಗಿಲಿಗೆ ಮೊದಲು ಅದೇ ದ್ರವವನ್ನು ಸ್ಪ್ರೇ ಬಾಟಲಿಯಿಂದ ಮಂಜಿನಂತೆ ಹೊಡೆಯುತ್ತೇನೆ. ಕೆಳಗಡೆ ಜಾಸ್ತಿ, ಗಾಜಿನ ಸೀಳಿನ ಹತ್ತಿರ ಹೊಡೆಯುವುದೇ ಇಲ್ಲ. ಈಗ ಒಂದು ನಿಮಿಷ ಸುಮ್ನೆ ಬಿಡಬೇಕು. ಧೂಳಿನ ಬಣ್ಣ ಗಾಢವಾಗುತ್ತಿದೆ ನೋಡಿ, ಅಂದರೆ ನೆನೆಯುತ್ತಿದೆ. ಒಂದು ಬಟ್ಟೆ ತೆಗೆದು ಹಿಂಡುತ್ತೇನೆ. ತೊಟ್ಟಿಕ್ಕಬಾರದು, ಆದರೆ ಒದ್ದೆ ಇರಬೇಕು. ನಾಲ್ಕು ಮಡಿಕೆ ಮಾಡಿದರೆ ಎರಡೂ ಬದಿ ಸೇರಿ ಎಂಟು ಮುಖ ಸಿಗುತ್ತದೆ. ಮೇಲಿನಿಂದ ಶುರು. ಒಂದೇ ದಿಕ್ಕಿಗೆ, ನೇರವಾಗಿ, ಕೈಯ ಭಾರ ಎಷ್ಟಿದೆಯೋ ಅಷ್ಟೇ. ಒತ್ತಬಾರದು. ಬಟ್ಟೆಯ ಮುಂದಿನ ಅಂಚನ್ನು ಬೆರಳಿನಿಂದ ಸ್ವಲ್ಪ ಮೇಲಕ್ಕೆ ಎತ್ತಿದ್ದೇನೆ, ಗಮನಿಸಿ. ಅಂಚು ಕೆಳಗಿದ್ದರೆ ಅದು ಧೂಳನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಎತ್ತಿದ್ದರೆ ಬಟ್ಟೆ ಧೂಳಿನ ಮೇಲೆ ಹತ್ತಿ ಅದನ್ನು ಹಿಡಿದುಕೊಳ್ಳುತ್ತದೆ. ಒಂದು ಎಳೆತ ಮುಗಿಯಿತು. ಮುಖ ನೋಡಿ, ಕಂದು ಪಟ್ಟೆ. ಇದನ್ನು ಒಳಗೆ ಮಡಚಿ ಹೊಸ ಮುಖ ತೆಗೆಯುತ್ತೇನೆ. ಎಂಟು ಮುಖ ಮುಗಿದ ಬಟ್ಟೆ ಈ ಕಡೆ ಬುಟ್ಟಿಗೆ. ಬಕೆಟ್ಟಿಗೆ ವಾಪಸ್ ಹೋಗಬಾರದು. ಬಕೆಟ್ಟಿನ ನೀರು ಕೊನೆಯವರೆಗೂ ತಿಳಿಯಾಗಿಯೇ ಇರಬೇಕು. ಈ ವಿಧಾನದಲ್ಲಿ ಇದೊಂದು ನಿಯಮ ಮುರಿದರೆ ಉಳಿದದ್ದೆಲ್ಲ ದಂಡ.

ಆರುವ ಮೊದಲೇ ಒಣ ಬಟ್ಟೆಯಲ್ಲಿ ಒರೆಸಿಬಿಡಿ. ಒಂದು ಭಾಗ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಮೊದಲು ಛಾವಣಿ, ಆಮೇಲೆ ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲಿನ ಅರ್ಧ. ಕೆಳಗಿನ ಅರ್ಧ ಕೊನೆಗೆ, ಮರಳು ಇರುವುದು ಅಲ್ಲೇ. ಹಕ್ಕಿಯ ಹಿಕ್ಕೆ ಇದ್ದರೆ ಉಜ್ಜಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹಾಗೇ ಹಾಸಿ ಹತ್ತು ನಿಮಿಷ ಬಿಡಿ. ಮೆತ್ತಗಾದ ಮೇಲೆ ಎತ್ತಿಕೊಳ್ಳಿ. ಅದರಲ್ಲಿ ಆಮ್ಲ ಇದೆ, ನಾಳೆ ನೋಡೋಣ ಅಂತ ಬಿಡುವ ಹಾಗಿಲ್ಲ.

ಗ್ಯಾರೇಜಿನಲ್ಲೇ ನಿಂತ ಕಾರಿನ ಮೇಲೆ ತೆಳ್ಳಗೆ ಧೂಳು ಕೂತಿದ್ದರೆ ಇಷ್ಟೂ ಬೇಡ. ಹತ್ತಿ ಎಳೆಗಳಿಗೆ ಪ್ಯಾರಾಫಿನ್ ಮೇಣ ಹಾಕಿದ ಡಸ್ಟರ್ ಸಿಗುತ್ತದೆ, ಒತ್ತದೆ ಮೆಲ್ಲಗೆ ಎಳೆದರೆ ಸಾಕು. ಆದರೆ ರಸ್ತೆಗೆ ಹೋಗಿ ಬಂದ ಕಾರಿಗೆ, ಅದರಲ್ಲೂ ಮಳೆ ಕಂಡ ಕಾರಿಗೆ, ಅದನ್ನು ಮುಟ್ಟಿಸಬೇಡಿ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ: ಕೆಸರು ದಪ್ಪಗೆ ಮೆತ್ತಿದ್ದರೆ? ಒಳ್ಳೆಯ ಪ್ರಶ್ನೆ. ಆಗ ಒರೆಸಲು ಹೋಗಲೇಬಾರದು. ಕೈಯಿಂದ ಪಂಪ್ ಮಾಡುವ ಸ್ಪ್ರೇಯರ್ ತಗೊಳ್ಳಿ, ಗಿಡಗಳಿಗೆ ಹೊಡೆಯುವಂಥದ್ದು. ಒಂದೆರಡು ಲೀಟರ್ ಹಿಡಿಯುತ್ತದೆ. ಕೆಸರು ನೆನೆಯುವಷ್ಟು ಹೊಡೆಯಿರಿ, ಬಿಡಿ, ಮತ್ತೆ ಹೊಡೆಯಿರಿ. ತಾನಾಗಿ ಜಾರಿ ಬೀಳುವಷ್ಟು ಬೀಳಲಿ. ಕೈಗೆ ಚೂರು ಸಿಗದ ಹಾಗಾದ ಮೇಲೆ ಮಾತ್ರ ಬಟ್ಟೆ. ಚಕ್ರದ ಮೇಲಿನ ಕಮಾನಿನ ಒಳಗೆ ಕೂತ ಮಣ್ಣನ್ನು ಒಣಗಿದಾಗಲೇ ಮರದ ತುಂಡಿನಿಂದ ಕೆರೆದು ತೆಗೆಯುವುದು ಮೇಲು. ಆ ಮಣ್ಣು ತೇವ ಹಿಡಿದಿಟ್ಟುಕೊಂಡು ಒಳಗೊಳಗೇ ತಗಡು ತಿನ್ನುತ್ತದೆ. ಒಂದು ಸಂದರ್ಭದಲ್ಲಿ ಮಾತ್ರ ನಾನೇ ಧಾರಾಳವಾಗಿ ನೀರು ಹಾಕಿ ಅನ್ನುತ್ತೇನೆ. ಸಮುದ್ರದ ನೀರು ಸಿಡಿದಿದ್ದರೆ, ಹಿಮ ಕರಗಲಿ ಅಂತ ಉಪ್ಪು ಹಾಕಿದ ರಸ್ತೆಯಲ್ಲಿ ಓಡಿಸಿದ್ದರೆ, ಕಾರಿನ ಅಡಿಭಾಗಕ್ಕೆ ಸಿಹಿನೀರು ಬಿಟ್ಟು ತೊಳೆಯಬೇಕು. ಉಪ್ಪು ಒರೆಸಿದರೆ ಹೋಗುವುದಿಲ್ಲ, ಕರಗಿಯೇ ಹೋಗಬೇಕು. ಆಮೇಲೆ ಚೆನ್ನಾಗಿ ಒಣಗಿಸಿ.

ಬಂಪರಿಗೆ ಬರೋಣ. ಕ್ರೋಮ್ ಅಂತ ನಾವು ಕರೆಯುವುದರಲ್ಲಿ ಕ್ರೋಮಿಯಂ ಇರುವುದು ತೀರಾ ಮೇಲೆ, ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ತೆಳು. ಅದರ ಕೆಳಗೆ ನಿಕ್ಕಲ್, ಎಷ್ಟೋ ಸಲ ಅದರ ಕೆಳಗೆ ತಾಮ್ರ, ಆಮೇಲೆ ಉಕ್ಕು. ಮೇಲಿನ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ನಿಕ್ಕಲಿನಲ್ಲೂ ತೂತು ಬಿದ್ದಾಗ ನೀರು ಉಕ್ಕಿನವರೆಗೆ ಇಳಿದು ಕಂದು ಚುಕ್ಕೆಗಳು ಏಳುತ್ತವೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದು ತುಂಡನ್ನು ನೀರಿನಲ್ಲಿ ಅದ್ದಿ ಆ ಚುಕ್ಕೆಗಳ ಮೇಲೆ ಹಗುರವಾಗಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಯಂಗಿಂತ ತುಂಬಾ ಮೆದು, ಕ್ರೋಮಿಗೆ ಗೀರು ಬೀಳುವುದಿಲ್ಲ, ತುಕ್ಕು ಬಿಡುತ್ತದೆ. ಒರೆಸಿ ಒಣಗಿಸಿ ತೆಳ್ಳಗೆ ವ್ಯಾಕ್ಸ್ ಹಚ್ಚಿ, ಆ ಬಿರುಕುಗಳು ಮುಚ್ಚಲಿ. 1920ರ ದಶಕದ ಕೊನೆಗೆ ಮುಂಚಿನ ಕಾರಾದರೆ ಅದು ಕ್ರೋಮ್ ಆಗಿರುವುದಿಲ್ಲ, ನಿಕ್ಕಲ್ ಆಗಿರುತ್ತದೆ. ಸ್ವಲ್ಪ ಹಳದಿ ಛಾಯೆ ಇರುತ್ತದೆ, ಮೆದು ಕೂಡ. ಅದಕ್ಕೆ ಫಾಯಿಲ್ ಬೇಡ, ಮೆತ್ತನೆಯ ಬಟ್ಟೆ ಮಾತ್ರ.

ಅದಕ್ಕೂ ಹಿಂದಿನವು ಹಿತ್ತಾಳೆ ದೀಪದ ಕಾರುಗಳು. ಹಿತ್ತಾಳೆಗೆ ಅಮೋನಿಯಾ ಇರುವ ಪಾಲಿಶ್ ಬೇಡ. ಇದಕ್ಕೊಂದು ಹಳೆಯ ಕಥೆ ಇದೆ. ಬ್ರಿಟಿಷ್ ಸೈನ್ಯ ಭಾರತದಲ್ಲಿ ಮಳೆಗಾಲದ ಹೊತ್ತು ಹಿತ್ತಾಳೆಯ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ನೋಡಿದರೆ ಎಷ್ಟೋ ತೋಟಾಗಳು ತಾವಾಗಿ ಸೀಳಿಕೊಂಡಿರುತ್ತಿದ್ದವು. ಕಾರಣ ಸರಿಯಾಗಿ ತಿಳಿದದ್ದು 1921ರಲ್ಲಿ. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಜೊತೆಗೆ ಹಿತ್ತಾಳೆಯನ್ನು ಒತ್ತಿ ರೂಪ ಕೊಟ್ಟಾಗ ಅದರೊಳಗೆ ಉಳಿದ ಬಿಗಿ. ದೀಪದ ಬಟ್ಟಲನ್ನೂ ಹಾಗೆಯೇ ಒತ್ತಿ ಮಾಡಿರುತ್ತಾರೆ. ನೂರು ವರ್ಷ ದಾಟಿದ ದೀಪ ಸೀಳಿದರೆ ಇನ್ನೊಂದನ್ನು ಎಲ್ಲಿಂದ ತರುತ್ತೀರಿ?

ಚಕ್ರದ ವಿಷಯಕ್ಕೆ ಬಂದಾಗ ದಯವಿಟ್ಟು ಗಮನ ಕೊಟ್ಟು ಕೇಳಿ. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಡ್ರಮ್ ಬಿಚ್ಚಿದಾಗ ಒಳಗೆ ಕಾಣುವ ಬೂದು ಪುಡಿ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಅದನ್ನು ಬಾಯಿಂದ ಊದುವುದು, ಗಾಳಿಯ ಪೈಪ್ ಹಿಡಿಯುವುದು, ಒಣ ಬ್ರಷ್ ಹಾಕುವುದು ಯಾವುದೂ ಬೇಡ. ಇಲ್ಲಿ ನಮ್ಮ ಕಡಿಮೆ ನೀರಿನ ವಿಧಾನವೇ ಕಾಪಾಡುವುದು. ಪುಡಿ ಮೇಲೇಳದಂತೆ ಮೆಲ್ಲಗೆ ಮಂಜಿನ ಹಾಗೆ ಸೋಪುನೀರು ಹೊಡೆದು, ಪೂರ್ತಿ ಒದ್ದೆ ಮಾಡಿ, ಬಿಸಾಡುವಂಥ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆಸ್‌ಬೆಸ್ಟಾಸ್ ತಡೆಯುವ ಮಾಸ್ಕ್ ಇರಲಿ, ಸಾದಾ ಬಟ್ಟೆಯ ಮಾಸ್ಕ್ ಸಾಲದು. ಒರೆಸಿದ ಬಟ್ಟೆಯನ್ನು ಒಗೆದು ಮತ್ತೆ ಬಳಸಬೇಡಿ.

ಸ್ಪೋಕ್ ಚಕ್ರಗಳಿಗೆ ತಾಳ್ಮೆ ಬಿಟ್ಟರೆ ಬೇರೆ ಉಪಾಯ ಇಲ್ಲ. ಬಟ್ಟೆಯನ್ನು ಉದ್ದಕ್ಕೆ ಸುರುಳಿ ಮಾಡಿ ಒಂದೊಂದು ಸ್ಪೋಕಿನ ಸುತ್ತ ಹಾಯಿಸಿ ಎಳೆಯಿರಿ. ಸ್ಪೋಕು ರಿಮ್ಮಿಗೆ ಸೇರುವ ಕಡೆ ನೀರು ನಿಲ್ಲುತ್ತದೆ, ಅಲ್ಲಿ ಕೊನೆಗೊಮ್ಮೆ ಒಣ ಬ್ರಷ್ ಆಡಿಸಿ. ಮಾರ್ಕೆಟ್ಟಿನಲ್ಲಿ ಚಕ್ರಕ್ಕೆಂದು ಸಿಗುವ ಆಮ್ಲದ ಕ್ಲೀನರ್ ಹಳೆಯ ಲೋಹಕ್ಕೆ ಬೇಡವೇ ಬೇಡ.

ಇಂಜಿನ್ನಿಗೆ ನೀರೇ ಬೇಡ. ಸ್ಪಾರ್ಕ್ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಒಳಗೆ ತೇವ ಹೋದರೆ ಕಿಡಿ ದಾರಿ ತಪ್ಪುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿ ಬಿಚ್ಚಿ, ಡಿಗ್ರೀಸರನ್ನು ಬಟ್ಟೆಗೆ ಹಾಕಿ ಒರೆಸಿ, ಸಂದಿಗೆ ಸಣ್ಣ ಬ್ರಷ್. ಅಷ್ಟೇ.

ಒಳಗಡೆ ಬಂದರೆ ಮೊದಲು ವ್ಯಾಕ್ಯೂಮ್, ಮೆತ್ತನೆಯ ಬ್ರಷ್ ತುದಿಯ ಜೊತೆ. ಧೂಳು ಇರುವಾಗಲೇ ಒದ್ದೆ ಬಟ್ಟೆ ಹಾಕಿದರೆ ಅದು ಕೆಸರಾಗಿ ಹೊಲಿಗೆಯೊಳಗೆ ಇಳಿಯುತ್ತದೆ. ಚರ್ಮದ ಸೀಟು ಸ್ವಭಾವದಲ್ಲಿ ಸ್ವಲ್ಪ ಆಮ್ಲದ ಕಡೆಗೆ ಇರುತ್ತದೆ. ಕ್ಷಾರ ಇರುವ ಸೋಪು ಅದನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ಚರ್ಮಕ್ಕೆಂದೇ ಇರುವ ಕ್ಲೀನರನ್ನು ಬಟ್ಟೆಗೆ ಹಾಕಿ, ಸೀಟಿಗೆ ನೇರ ಹಾಕಬೇಡಿ. ಡ್ಯಾಶ್‌ಬೋರ್ಡಿನ ಮರದ ಹೊದಿಕೆ ಕಾಗದದಷ್ಟು ತೆಳುವಾಗಿರಬಹುದು. ಪಾಲಿಶ್ ಒಡೆದ ಕಡೆ ನೀರು ಹೋದರೆ ಮರ ಏಳುತ್ತದೆ. ಅಲ್ಲಿ ಒಣ ಮೈಕ್ರೋಫೈಬರ್ ಮಾತ್ರ. ಗಾಜಿನ ಒಳಬದಿಯಲ್ಲಿ ಮಬ್ಬು ಇದ್ದರೆ ಅದು ರೆಕ್ಸಿನ್ನಿನಿಂದ ಬಿಸಿಲಿಗೆ ಆವಿಯಾಗಿ ಬಂದು ಕೂತ ಜಿಡ್ಡು. ಡಿಸ್ಟಿಲ್ಡ್ ವಾಟರಿನಲ್ಲಿ ಹಿಂಡಿದ ಬಟ್ಟೆ, ಹಿಂದೆಯೇ ಒಣ ಬಟ್ಟೆ, ಎರಡು ಸುತ್ತು. ಬಟ್ಟೆಯ ಛಾವಣಿ ಇರುವ ಕಾರಿನ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದಾಗಿದ್ದರೆ ಒಣಗಿದ ಬಟ್ಟೆ ಮುಟ್ಟಿಸಲೇಬೇಡಿ. ಕಾರಿನಲ್ಲಿ ಎಲ್ಲಕ್ಕಿಂತ ಬೇಗ ಗೀರು ಬೀಳುವ ವಸ್ತು ಅದೇ.

ಬಣ್ಣ ಮಾಸಿ ಸುಣ್ಣದಂತೆ ಪುಡಿ ಬರುತ್ತಿದೆ, ಏನು ಮಾಡಲಿ ಅಂತ ಬಿಡುವಿನಲ್ಲಿ ಕೆಲವರು ಕೇಳಿದರು. ಕ್ಲಿಯರ್ ಕೋಟ್ ಇಲ್ಲದ ಹಳೆಯ ಬಣ್ಣಕ್ಕೆ, ಮುಖ್ಯವಾಗಿ ಕೆಂಪಿಗೆ, ಹೀಗಾಗುತ್ತದೆ. ತಕ್ಷಣ ಕಾಂಪೌಂಡ್, ಅಂದರೆ ಮೇಲ್ಪದರ ಸವೆಸುವ ಪೇಸ್ಟ್, ಹಾಕಿ ಉಜ್ಜುವ ಆಸೆ ಬರುತ್ತದೆ. ತಡೆಯಿರಿ. ಮೆಗ್ವಯರ್ಸ್ ಕಂಪನಿಯ ನಂಬರ್ 7 ಅನ್ನುವ ಹಳೆಯ ಗ್ಲೇಜ್ ಇದೆ, ಎಣ್ಣೆಯಂಶ ತುಂಬಾ ಇರುವಂಥದ್ದು. ಅದನ್ನು ದಪ್ಪಗೆ ಹಚ್ಚಿ ಒಂದು ರಾತ್ರಿ ಬಿಟ್ಟು, ಮಾರನೇ ದಿನ ಒರೆಸುತ್ತಾರೆ. ಒಣಗಿದ ಬಣ್ಣ ಎಣ್ಣೆ ಕುಡಿದು ಗಾಢವಾಗುತ್ತದೆ. ಅದಾದ ಮೇಲೂ ಬೇಕು ಅನ್ನಿಸಿದರೆ ಮಾತ್ರ ಅತಿ ಹಗುರವಾದ ಪಾಲಿಶ್. ಕೊನೆಗೆ ಕಾರ್ನೌಬಾ ವ್ಯಾಕ್ಸ್. ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ ಅದು, ಕರಗಲು 80 ಡಿಗ್ರಿ ಸೆಲ್ಸಿಯಸ್ ದಾಟಬೇಕು. ತೆಳ್ಳಗೆ ಹಚ್ಚಿ. ವ್ಯಾಕ್ಸ್ ಇದ್ದ ಪೇಂಟಿಗೆ ಧೂಳು ಗಟ್ಟಿಯಾಗಿ ಹಿಡಿಯುವುದಿಲ್ಲ, ಮುಂದಿನ ಸಲ ಬಕೆಟ್ಟಿನ ಅರ್ಧವೇ ಸಾಕಾಗುತ್ತದೆ.

ಎಷ್ಟು ಸ್ವಚ್ಛ ಮಾಡಬೇಕು ಅನ್ನುವುದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 1966ರಿಂದ ಇದೆ. ಹಳೆಯ ವಾಹನ ಉಳಿಸಿಕೊಳ್ಳುವ ಬಗ್ಗೆ ಅದು ಮಾಡಿದ ಟ್ಯೂರಿನ್ ಚಾರ್ಟರ್ ಅನ್ನುವ ಸನದು ಹೇಳುವುದು ಮೂಲದ್ದನ್ನು ಉಳಿಸಿಕೊಳ್ಳುವುದಕ್ಕೆ ಮೊದಲ ಸ್ಥಾನ ಅಂತ. ಬಾನೆಟ್ಟಿನ ಒಳಗೆ ಫ್ಯಾಕ್ಟರಿಯವರು ಬಳಪದಲ್ಲಿ ಬರೆದ ಗುರುತು ಇರಬಹುದು. ಯಾವುದೋ ಕಾಲದ ಎಣ್ಣೆ ಬದಲಾಯಿಸಿದ ಸ್ಟಿಕ್ಕರ್ ಬಾಗಿಲ ಅಂಚಿನಲ್ಲಿ ಇರಬಹುದು. ಚಾಲಕನ ಮೊಣಕೈ ತಾಗಿ ತಾಗಿ ಬಣ್ಣ ಸವೆದ ಜಾಗ ಇರಬಹುದು. ಇವು ಕೊಳೆ ಅಲ್ಲ. ಒಮ್ಮೆ ಒರೆಸಿದರೆ ಮತ್ತೆ ತರಲಾಗುವುದಿಲ್ಲ. ಅನುಮಾನ ಬಂದ ಕಡೆ ಕೈ ಹಿಂದಕ್ಕೆ ತೆಗೆಯಿರಿ, ಫೋಟೋ ತೆಗೆದಿಡಿ, ತಿಳಿದವರನ್ನು ಕೇಳಿ.

ಕೆಲಸ ಮುಗಿದ ಮೇಲೆ ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯಿರಿ. ಹತ್ತಿ ಬಟ್ಟೆ ಜೊತೆ ಹಾಕಿದರೆ ಅದರ ನೂಲಿನ ಚೂರು ಇದಕ್ಕೆ ಅಂಟುತ್ತದೆ. ಮೆದುಗೊಳಿಸುವ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಎಳೆಗಳ ಸೀಳು ಮುಚ್ಚಿಹೋಗುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಪೇಂಟಿಗೆ ತರಬೇಡಿ, ಚಕ್ರಕ್ಕೆ ಇಟ್ಟುಕೊಳ್ಳಿ. ಕಾರಿಗೆ ತಕ್ಷಣ ಕವರ್ ಹಾಕಬೇಡಿ. ಬಾಗಿಲು, ಬಾನೆಟ್, ಡಿಕ್ಕಿ ಎಲ್ಲಾ ಸ್ವಲ್ಪ ಹೊತ್ತು ತೆರೆದಿಡಿ. ಬಾಗಿಲ ಕೆಳಗಿನ ತೂತುಗಳಿಗೆ ಒಂದು ಸಣ್ಣ ಮರದ ಕಡ್ಡಿ ಹಾಕಿ ನೋಡಿ, ಏನಾದರೂ ಸಿಕ್ಕಿದರೆ ತೆಗೆಯಿರಿ. ಸಾಧ್ಯವಾದರೆ ಗಾಡಿಯನ್ನು ಹತ್ತಿರದ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ತನ್ನಿ. ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿದರೆ ಡ್ರಮ್ಮಿನೊಳಗೆ ಇದ್ದ ಚೂರುಪಾರು ತೇವವೂ ಆರುತ್ತದೆ. ಗಾಡಿ ಪೂರ್ತಿ ತಣ್ಣಗಾದ ಮೇಲೆ ಕವರ್ ಹಾಕಿ.